ವೈತ್ತಿರಿ ದಾಟಿದೆ

"ಎಲ್ಲಿದ್ದೀಯ?" ಎಂದು ಫೋನಿನಲ್ಲಿ ಯಾರಾದರೂ ಕೇಳಿದರೆ ನಾನು ಈಗ ಎದುರಿಗೆ ಕಾಣುವ ಅಂಗಡಿಯ ಬೋರ್ಡು ಓದಿ ಹೇಳುತ್ತೇನೆ. ಬೋರ್ಡಿಲ್ಲದಿದ್ದರೆ ಬಸ್‌ಸ್ಟಾಪಿನ ಹೆಸರು, ಅದೂ ಇಲ್ಲದಿದ್ದರೆ ಕಿಲೋಮೀಟರ್ ಕಲ್ಲು. ಹಾಸ್ಟೆಲಿನ ಗೆಳತಿಯರಿಗೆ ಇದೊಂದು ತಮಾಷೆ. ಊಟಕ್ಕೆ ಕಾಯುತ್ತಿರುವವರಿಗೆ "ಬಂದೆ" ಎಂದರೆ ಸಾಕಾಗುವ ಕಡೆ ನಾನು "ಮೆಟ್ಟಿಲಿನ ಮೊದಲ ತಿರುವಿನಲ್ಲಿದ್ದೇನೆ" ಎನ್ನುತ್ತೇನಂತೆ. ಭೂಗೋಳದಲ್ಲಿ ಸಂಶೋಧನೆ ಮಾಡುವವರ ಹುಚ್ಚು ಇದು ಎಂದು ಅವರು ತೀರ್ಮಾನಿಸಿದ್ದಾರೆ. ನಾನು ತಿದ್ದಲು ಹೋಗಿಲ್ಲ. ತಿದ್ದಬೇಕಾದರೆ ತುಂಬಾ ಮಾತಾಡಬೇಕು, ನನಗೆ ಆ ಅಭ್ಯಾಸವಿಲ್ಲ.

ಮೊದಲು ನಾನು ಹೀಗಿರಲಿಲ್ಲ. ಎಲ್ಲರೂ ಹೇಳುವಂತೆಯೇ ಹೇಳುತ್ತಿದ್ದೆ. ನಮ್ಮ ವಯನಾಡಿನ ಕಡೆಯ ಬಸ್ಸಿನಲ್ಲಿ ಕೂತು ಒಮ್ಮೆ ಕೇಳಿಸಿಕೊಳ್ಳಿ. ಕಲ್ಪಟ್ಟದಲ್ಲಿ ಇನ್ನೂ ಟಿಕೆಟ್ ತೆಗೆಯದವರು ಬತ್ತೇರಿಯ ಹೆಂಡತಿಗೆ "ಎತ್ತಾರಾಯಿ" ಅನ್ನುತ್ತಾರೆ, ಇನ್ನೇನು ತಲುಪಿಯೇ ಬಿಟ್ಟೆ ಎಂದು. ನನ್ನ ಚಿಕ್ಕಪ್ಪನಂತೂ ಮೀನಂಗಡಿ ಎಂಬ ಊರಿನ ಚಹಾದಂಗಡಿಯಲ್ಲಿ ಎರಡನೇ ವಡೆಗೆ ಕೈಹಾಕುತ್ತಾ "ಗೇಟು ತೆಗೀರಿ, ಬಂದೆ" ಎನ್ನುವ ಮನುಷ್ಯ. ಆ ಮಾತು ನಂಬಿ ಗೇಟು ತೆಗೆದಿಟ್ಟು ಎರಡು ಸಲ ಪಕ್ಕದ ಮನೆಯ ಆಕಳು ನಮ್ಮ ಬಾಳೆಗಿಡ ಮೇಯ್ದು ಹೋಗಿದೆ. ವಡೆಯಲ್ಲಿ ಈರುಳ್ಳಿ ಇರುತ್ತಿತ್ತು ಎಂಬುದು ಬೇರೆ ಮಾತು. ಅದು ನನಗೂ ಚಿಕ್ಕಪ್ಪನಿಗೂ ಮಾತ್ರ ಗೊತ್ತಿದ್ದ ಗುಟ್ಟು. ನಮ್ಮದು ಜೈನರ ಮನೆ. ನೆಲದಡಿ ಬೆಳೆದದ್ದು ಒಲೆ ಹತ್ತುವುದಿಲ್ಲ, ಕತ್ತಲಾದ ಮೇಲೆ ಯಾರೂ ಉಣ್ಣುವುದಿಲ್ಲ. ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಕಾಡು ಹಾದು ಬಂದು ಕಾಫಿ, ಮೆಣಸು ಹಾಕಿಕೊಂಡು ನಿಂತವರು ನಾವು. ಮನೆಯೊಳಗೆ ಕನ್ನಡ, ಗೇಟಿನಾಚೆ ಮಲಯಾಳ.

ಈ ಕಟ್ಟಳೆಗಳನ್ನೆಲ್ಲ ಮನೆಯಲ್ಲಿ ಕಾಯುತ್ತಿದ್ದವಳು ಪದ್ಮತ್ತೆ, ಅಪ್ಪನ ಅಕ್ಕ. ಇಪ್ಪತ್ತನೇ ವಯಸ್ಸಿನಲ್ಲಿ ಮದುವೆ ಬೇಡ ಎಂದಿದ್ದಳಂತೆ. ಯಾಕೆ ಬೇಡ ಎಂದು ಕೇಳಿದವರನ್ನು "ಯಾಕೆ ಬೇಕು?" ಎಂದು ತಿರುಗಿ ಕೇಳಿದ್ದಳಂತೆ. ಯಾರಿಗೂ ಸರಿಯಾದ ಉತ್ತರ ಹೊಳೆಯದೆ ಅವಳು ಮನೆಯಲ್ಲೇ ಉಳಿದಳು. ಅಮ್ಮ ಶಾಲೆಯ ಟೀಚರು. ಹಾಗಾಗಿ ನನ್ನನ್ನು ಮೀಯಿಸಿ, ಉಣ್ಣಿಸಿ, ಬೈದು ಬೆಳೆಸಿದವಳು ಅತ್ತೆ. ಬೈಯುವುದನ್ನು ಅವಳು ಉಳಿದೆರಡಕ್ಕಿಂತ ಚೆನ್ನಾಗಿ ಮಾಡುತ್ತಿದ್ದಳು.

ನಮ್ಮಲ್ಲಿ ಮೂರು ಗಡಿಯಾರಗಳಿದ್ದವು, ಮೂರೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಅತ್ತೆ ಯಾವುದನ್ನೂ ನೋಡುತ್ತಿರಲಿಲ್ಲ. ಸಂಜೆ ಅಂಗಳದ ಅಂಚಿಗೆ ಬಂದು, ಬಲಗೈ ಮುಂದಕ್ಕೆ ಚಾಚಿ, ಬೆರಳುಗಳನ್ನು ಅಡ್ಡಲಾಗಿ ಜೋಡಿಸಿ, ಕಿರುಬೆರಳನ್ನು ಗುಡ್ಡದ ನೆತ್ತಿಗೆ ತಾಗಿಸಿ, ಅಲ್ಲಿಂದ ಸೂರ್ಯನವರೆಗೆ ಎಷ್ಟು ಬೆರಳು ಎಂದು ಅಳೆಯುತ್ತಿದ್ದಳು. ಒಂದು ಬೆರಳಿಗೆ ಕಾಲು ಗಂಟೆ. "ನಾಕು ಬೆರಳಿದೆ, ಎಲೆ ಹಾಕಿ" ಎಂದರೆ ಮನೆಯವರೆಲ್ಲ ಇದ್ದ ಕೆಲಸ ಬಿಟ್ಟು ಕೈತೊಳೆಯಬೇಕು. ಶಾಲೆಯ ಬಸ್ಸು ತಡವಾದ ದಿನ ನಾನು ಯೂನಿಫಾರ್ಮಿನಲ್ಲೇ, ಬೆನ್ನಿನ ಚೀಲವನ್ನೂ ಇಳಿಸದೆ ಎಲೆಯ ಮುಂದೆ ಕೂರುತ್ತಿದ್ದೆ. ಬಾಯಲ್ಲಿ ತುತ್ತಿರುವಾಗಲೇ ಸೂರ್ಯ ಮುಳುಗಿದರೆ ಅದನ್ನು ನುಂಗಬೇಕೋ ಉಗಿಯಬೇಕೋ ಎಂಬುದು ನನ್ನ ಬಾಲ್ಯದ ಅತಿ ಗಂಭೀರ ಪ್ರಶ್ನೆ. ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಬಾಯಿ ಮುಚ್ಕೊಂಡು ಬೇಗ ಅಗಿ" ಅಂದಳು ಅತ್ತೆ.

ಓಣಂ ಬಂದರೆ ಮಾತ್ರ ನಮಗೆ ಹೊರಗೆ ಊಟ. ಪಕ್ಕದ ಮನೆಯ ಶಾಂತಚೇಚಿ, ಅಂದರೆ ಶಾಂತಕ್ಕ, ಕರೆಯುತ್ತಿದ್ದರು. ಮಧ್ಯಾಹ್ನದ ಊಟವಾದ್ದರಿಂದ ಸೂರ್ಯನ ತಂಟೆಯಿಲ್ಲ. ಆದರೆ ಅವಿಯಲ್‌ಗೆ ಸುವರ್ಣಗಡ್ಡೆ ಹಾಕಬಾರದೆಂಬುದನ್ನು ಚೇಚಿ ಪ್ರತಿ ವರ್ಷವೂ ಮರೆಯುತ್ತಿದ್ದರು. ಅತ್ತೆ ಗಡ್ಡೆಯ ಚೂರುಗಳನ್ನು ಹೆಕ್ಕಿ ಎಲೆಯ ಅಂಚಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದಳು. "ಇದೇನು ಪದ್ಮೇಚೀ, ಎಣಿಸಿ ವಾಪಸ್ ಕೊಡ್ತೀರಾ?" ಎಂದು ಚೇಚಿ ಮಲಯಾಳದಲ್ಲಿ ಕೇಳಿದರೆ, "ಮುಂದಿನ ವರ್ಷಕ್ಕೂ ಇದನ್ನೇ ಹಾಕಿ, ನಿಮಗೂ ಉಳಿತಾಯ" ಎಂದು ಅತ್ತೆ ಕನ್ನಡದಲ್ಲಿ ಹೇಳುತ್ತಿದ್ದಳು. ಇಬ್ಬರಿಗೂ ಪರಸ್ಪರರ ಭಾಷೆ ಚೆನ್ನಾಗಿ ಬರುತ್ತಿತ್ತು. ಆದರೂ ಯಾರೂ ತಮ್ಮದನ್ನು ಬಿಟ್ಟುಕೊಟ್ಟವರಲ್ಲ.

ತಿರುವನಂತಪುರದ ಹಾಸ್ಟೆಲಿನಲ್ಲಿ ರಾತ್ರಿಯೂಟ ಎಂಟೂವರೆಗೆ. ಮೊದಲ ವಾರ ಬಿಸ್ಕತ್ತು ತಿಂದು ಮಲಗಿದೆ. ಎರಡನೇ ವಾರ ಎಲ್ಲರ ಜೊತೆ ಉಂಡೆ. ರಜೆಗೆ ಬಂದಾಗ ಮಾತ್ರ ಸಂಜೆ ಐದೂವರೆಗೆ ಎಲೆಯ ಮುಂದೆ ಕೂತು, ಹುಟ್ಟಿದಂದಿನಿಂದ ಈ ಹೊತ್ತಿಗೇ ಹಸಿಯುತ್ತಾ ಬಂದವಳಂತೆ ನಟಿಸುತ್ತಿದ್ದೆ. ಅತ್ತೆಗೆ ತಿಳಿದಿತ್ತು ಎಂದೇ ನನ್ನ ನಂಬಿಕೆ. ಅಲ್ಲಿ ಎಷ್ಟು ಹೊತ್ತಿಗೆ ಊಟ ಎಂದು ಅವಳು ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳಿಸಿದ ಪಾಪ ತನಗೆ ತಟ್ಟುತ್ತದೆ ಎಂದುಕೊಂಡಿರಬೇಕು.

ನನಗೆ ಹನ್ನೆರಡು ವರ್ಷವಿದ್ದಾಗ ತಾತ ತೀರಿಕೊಂಡರು. ನಮ್ಮಲ್ಲಿ ಹೆಣವನ್ನು ಕಾಯಿಸುವುದಿಲ್ಲ. ಜೀವ ಹೋದ ಮೈಯಲ್ಲಿ ಹೊತ್ತು ಕಳೆದಷ್ಟೂ ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆ, ಸುಟ್ಟರೆ ಅವೂ ಸಾಯುತ್ತವೆ ಎಂದು ಲೆಕ್ಕ. ಆದ್ದರಿಂದ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಬೆಳಕಿರುವಾಗಲಂತೂ ಮುಗಿಯಲೇಬೇಕು. ಆದರೆ ಅವತ್ತು ದೂರದಿಂದ ಬರಬೇಕಿದ್ದ ನೆಂಟರೊಬ್ಬರಿಗಾಗಿ ಕಾದರು. ಬೆಂಕಿ ಇಡುವಾಗ ಮುಚ್ಚಂಜೆ. ಹಿಂದಿನ ದಿನ ಬೇಸಿಗೆಯ ಮೊದಲ ಮಳೆ ಬಿದ್ದಿತ್ತು. ನೆಲದಿಂದ ಈಸಲು ಹುಳ ಎದ್ದವು. ಸಾವಿರಾರು ಹುಳ ಉರಿಯ ಬೆಳಕಿಗೆ ಬಂದು ಬಂದು ಬಿದ್ದವು, ಚಟಪಟ ಸದ್ದಾಗುತ್ತಿತ್ತು. ಅತ್ತೆ ಸೆರಗು ಬೀಸಿ ಬೀಸಿ ಓಡಿಸಲು ನೋಡಿದಳು. ಸೆರಗಿಗೆ ಬೆಂಕಿ ಹತ್ತುತ್ತದೆಂದು ಅಪ್ಪ ಅವಳನ್ನು ಎಳೆದು ಕೂರಿಸಬೇಕಾಯಿತು.

ಸೂತಕ ಕಳೆದ ಮೇಲೆ ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು: "ನನ್ನನ್ನ ಹೊತ್ತಿದ್ದಾಗಲೇ ಮುಗಿಸಿ. ಯಾರಿಗೂ ಕಾಯಬೇಡಿ."

"ನನಗೂ?" ಎಂದೆ ನಾನು.

"ನಿನಗೂ. ನೋಡ್ಬೇಕು ಅನ್ನಿಸಿದ್ರೆ ಬದುಕಿದ್ದಾಗಲೇ ಬಂದು ನೋಡು."

ಎರಡು ವರ್ಷದ ಹಿಂದಿನ ಓಣಂ ರಜೆ. ಹಿಂದಿನ ಸಂಜೆ ತಿರುವನಂತಪುರದಲ್ಲಿ ರೈಲು ಹತ್ತಿದ್ದೆ. ಬೆಳಗ್ಗೆ ಏಳಕ್ಕೆ ಕೋಳಿಕ್ಕೋಡ್ ಮುಟ್ಟಬೇಕಾಗಿದ್ದ ರೈಲು ಹತ್ತು ಗಂಟೆಯಾದರೂ ಶೊರನೂರಿನ ಆಚೆ ಗದ್ದೆಗಳ ನಡುವೆ ನಿಂತಿತ್ತು. ಆಗ ಅಮ್ಮನ ಫೋನು ಬಂತು.

"ಅತ್ತೆಗೆ ಸ್ವಲ್ಪ ಹುಷಾರಿಲ್ಲ. ನೀನು ಹೇಗೂ ಬರ್ತಾ ಇದ್ದೀಯಲ್ಲ, ಬಾ."

"ಯಾವ ಆಸ್ಪತ್ರೆ?"

"ಮನೇಲೇ ಇದ್ದಾರೆ."

ಅಮ್ಮನಿಗೆ ಸುಳ್ಳು ಬರುವುದಿಲ್ಲ. ಹುಷಾರಿಲ್ಲದವರು ಮನೆಯಲ್ಲೇ ಇದ್ದಾರೆ, ಆದರೂ ನೀನು ಬಾ ಎಂದರೆ ಏನರ್ಥ ಎಂದು ನನಗೆ ಗೊತ್ತಿತ್ತು. ಚಿಕ್ಕಪ್ಪನಿಗೆ ಫೋನು ಮಾಡಿದೆ. ಚಿಕ್ಕಪ್ಪ ಅಂದರೆ ಅಪ್ಪನ ತಮ್ಮ, ನನ್ನನ್ನು "ಔಷಧಿ ಕೊಡದ ಡಾಕ್ಟರಮ್ಮ" ಎಂದು ಕರೆಯುವವನು. ಅವತ್ತು ಹಾಗೆ ಕರೆಯಲಿಲ್ಲ.

"ಹೋದಳು ಕೂಸೆ" ಅಂದ. ಸ್ನಾನ ಮಾಡಿ ದೇವರ ಮುಂದೆ ಕೂತವಳು ಹಾಗೇ ಗೋಡೆಗೆ ಒರಗಿದ್ದಳಂತೆ. ಜಪದ ಸರ ಕೈಯಲ್ಲೇ ಇತ್ತಂತೆ.

ಕೋಳಿಕ್ಕೋಡ್ ಮುಟ್ಟಿದಾಗ ಹನ್ನೊಂದೂ ಮುಕ್ಕಾಲು. ಬಸ್ ನಿಲ್ದಾಣದಲ್ಲಿ ಹಬ್ಬಕ್ಕೆ ಊರಿಗೆ ಹೊರಟವರು, ವಯನಾಡು ನೋಡಲು ಹೊರಟವರು, ಎಲ್ಲ ಸೇರಿ ಕಾಲಿಡಲು ಜಾಗವಿಲ್ಲ. ಮಾನಂದವಾಡಿ ಎಂಬ ಬೋರ್ಡು ಕಂಡ ಒಂದು ಬಸ್ಸಿಗೆ ಸೂಟ್‌ಕೇಸ್ ಎತ್ತಿಹಾಕಿ ಹತ್ತಿಬಿಟ್ಟೆ. ಅರ್ಧ ಗಂಟೆ ಕಳೆದ ಮೇಲೆ ಕಂಡಕ್ಟರ್ ಬಂದು, ಇದು ಕುಟ್ಟಿಯಾಡಿ ಮೇಲೆ ಹೋಗುವ ಬಸ್ಸು ಮೋಳೇ, ನೀನು ಕೇಳುವ ಕಲ್ಪಟ್ಟಕ್ಕೆ ಹೋಗುವುದಿಲ್ಲ ಎಂದ. ಕೇರಳದ ಘಟ್ಟದ ದಾರಿಗಳ ಮೇಲೆ ನಲವತ್ತು ಪುಟದ ಅಧ್ಯಾಯ ಬರೆದವಳು ನಾನು. ಗಾಬರಿಯಲ್ಲಿ ಸೂಟ್‌ಕೇಸಿನೊಂದಿಗೆ ಅಲ್ಲೇ ಇಳಿದು, ಇನ್ನೊಂದು ಬಸ್ಸು ಹಿಡಿದು, ಹೊರಟಲ್ಲಿಗೇ ವಾಪಸಾದೆ. ಹಾಗೆಯೇ ಕೂತಿದ್ದರೆ ಕುಟ್ಟಿಯಾಡಿಯ ಘಟ್ಟ ಹತ್ತಿ, ಮಾನಂದವಾಡಿಯಲ್ಲಿ ಇಳಿದು, ಪನಮರದ ದಾರಿಯಲ್ಲಿ ಐದು ಗಂಟೆಗೆ ಮನೆ ಸೇರುತ್ತಿದ್ದೆ. ಆ ಘಟ್ಟದಲ್ಲಿ ಅವತ್ತು ದಾರಿ ಕಟ್ಟಿ ಒಂದು ವಾಹನವೂ ನಿಲ್ಲಲಿಲ್ಲವಂತೆ. ಇದನ್ನು ಆಮೇಲೆ ನಾನೇ ಎರಡು ಮೂರು ಜನರನ್ನು ವಿಚಾರಿಸಿ ಖಚಿತ ಮಾಡಿಕೊಂಡೆ. ಯಾಕೆ ವಿಚಾರಿಸಿದೆನೋ ತಿಳಿಯದು.

ಎರಡೂಕಾಲಿಗೆ ಸರಿಯಾದ ಬಸ್ಸು ಸಿಕ್ಕಿತು. ನಾಲ್ಕಕ್ಕೆ ಚುರದ ಬುಡ. ಚುರ ಎಂದರೆ ನಮ್ಮ ಕಡೆ ತಾಮರಶ್ಶೇರಿಯ ಘಟ್ಟ, ಒಂಬತ್ತು ಹೇರ್‌ಪಿನ್ ತಿರುವು. ಏಳನೆಯದರಲ್ಲಿ ಮರದ ದಿಮ್ಮಿ ಹೇರಿದ ಲಾರಿಯೊಂದರ ಆಕ್ಸಲ್ ಮುರಿದು ಅಡ್ಡ ನಿಂತಿದೆ ಎಂಬ ಸುದ್ದಿ ವಾಹನದಿಂದ ವಾಹನಕ್ಕೆ ಇಳಿದು ಬಂತು. ಎರಡನೇ ತಿರುವಿಗೆ ಹೋಗಿ ನಮ್ಮ ಬಸ್ಸು ನಿಂತಿತು. ಡ್ರೈವರ್ ಎಂಜಿನ್ ಆರಿಸಿ, ಕೆಳಗಿಳಿದು ಕಲ್ಲುಕಟ್ಟೆಯ ಮೇಲೆ ಕೂತ. ಬ್ಲಾಕ್ ಎಷ್ಟು ದೊಡ್ಡದೆಂದು ತಿಳಿಯಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಮಳೆ ಬಿಟ್ಟು ಆಕಾಶ ತೊಳೆದಂತಿತ್ತು. ಚುರದಿಂದ ಪಶ್ಚಿಮದ ಬಯಲೆಲ್ಲ ಕಾಣುತ್ತದೆ. ಕಿಟಕಿಯಿಂದ ಕೈ ಹೊರಗೆ ಚಾಚಿ ಅಳೆದೆ. ಎಂಟು ಬೆರಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ನಾನು ಯಾರಿಗೋ ಕೈಬೀಸುತ್ತಿದ್ದೇನೆಂದುಕೊಂಡು ತಾನೂ ಇಣುಕಿ ನೋಡಿದರು.

ಆಗ ಚಿಕ್ಕಪ್ಪನ ಫೋನು.

"ಎಲ್ಲಿದ್ದೀಯ ಕೂಸೆ? ಸರಿಯಾಗಿ ಹೇಳು. ಒಣ ಕಟ್ಟಿಗೆ ಈಗಷ್ಟೇ ಸಿಕ್ತು, ಅಣ್ಣ ಐದಕ್ಕೆ ಎತ್ತೋಣ ಅಂತಿದ್ದಾನೆ. ಮಾವಯ್ಯ ಅಂತೂ ಈಗಲೇ ಅಂತಾರೆ. ನಾನೇ ತಡೀರಿ, ಒಂದು ಮಾತು ಕೇಳ್ತೀನಿ ಅಂದಿದ್ದೀನಿ. ನೀನು ಚುರ ಹತ್ತಿದ್ರೆ ಕಾಯೋಣ. ಇಲ್ಲಾಂದ್ರೆ ಬೇಡ. ಅವಳು ಹೇಳಿದ ಮಾತಿದೆಯಲ್ಲ."

ಮಾವಯ್ಯ ಎಂದರೆ ಅಜ್ಜಿಯ ತಮ್ಮ, ಎಂಬತ್ತು ದಾಟಿದವರು. ಬಳಗದಲ್ಲಿ ಸಾವಿನ ಮನೆ ಯಾವುದಿದ್ದರೂ ಕೊನೆಯ ಮಾತು ಅವರದು.

"ಹತ್ತಾಯ್ತು ಚಿಕ್ಕಪ್ಪ" ಎಂದೆ.

"ಎಲ್ಲಿ?"

"ವೈತ್ತಿರಿ ದಾಟಿದೆ."

ಅಷ್ಟೇ ನಡೆದದ್ದು. ಯೋಚಿಸಿ ಹೇಳಿದ್ದಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ. ಘಟ್ಟದ ಮೇಲಿನ ವೈತ್ತಿರಿ ಎಂದರೆ ಮನೆಗೆ ಇನ್ನು ಮುಕ್ಕಾಲು ಗಂಟೆ ಎಂದು ಅವರು ಎಣಿಸುತ್ತಾರೆ, ಐದೂಕಾಲರವರೆಗೆ ಕಾಯುತ್ತಾರೆ, ಅಷ್ಟರಲ್ಲಿ ಲಾರಿ ಎಳೆದು ಹಾಕಿದರೆ ಇನ್ನರ್ಧ ಗಂಟೆ ಕಾಯಿಸಬಹುದು ಎಂದು ಆ ಒಂದು ಉಸಿರಿನಲ್ಲಿ ಇಷ್ಟೆಲ್ಲ ಲೆಕ್ಕ ಹಾಕಿದ್ದೆ. ನನಗೆ ಅವಳ ಮುಖ ನೋಡಬೇಕಿತ್ತು. ಉಳಿದವರೆಲ್ಲ ನೋಡಿದ್ದಾರೆ, ನನಗೊಬ್ಬಳಿಗೆ ಇಲ್ಲ ಎಂಬುದನ್ನು ಒಪ್ಪಲಾಗಲಿಲ್ಲ.

ಕನ್ನಡ ಬಾರದಿದ್ದರೂ ಪಕ್ಕದ ಹೆಂಗಸಿಗೆ ವೈತ್ತಿರಿ ಎಂಬುದು ಕೇಳಿಸಿತ್ತು. ತಿರುವಿನ ಕಲ್ಲಿನ ಮೇಲೆ ಬರೆದಿದ್ದ ಎರಡು ಎಂಬ ಅಂಕಿಯನ್ನೂ ನನ್ನನ್ನೂ ನೋಡಿ ನಕ್ಕರು. "ಪರವಾಗಿಲ್ಲ ಮೋಳೇ. ನಾನು ಮನೆಯವರಿಗೆ ಕಲ್ಪಟ್ಟ ಅಂದಿದ್ದೇನೆ."

ಐದೂಕಾಲಿಗೆ ಮತ್ತೆ ಫೋನು ಬಂತು. ಚಿಕ್ಕಪ್ಪನ ಹೆಸರು ಪರದೆಯ ಮೇಲೆ ಉರಿದು ಆರಿತು. ಎತ್ತಲಿಲ್ಲ. ಐದೂವರೆಗೆ ಅಪ್ಪನದು. ಅದನ್ನೂ ಎತ್ತಲಿಲ್ಲ. ಆ ದಾರಿಯಲ್ಲಿ ರೇಂಜ್ ಸಿಗುವುದಿಲ್ಲ ಎಂದು ಆಮೇಲೆ ಎಲ್ಲರೂ ತಾವಾಗಿಯೇ ಹೇಳಿಕೊಂಡರು, ನಾನು ಸುಮ್ಮನಿದ್ದೆ. ಮೌನದ ಹುಡುಗಿ ಎಂದು ಹೆಸರಿರುವವರಿಗೆ ಇದೊಂದು ಸೌಲಭ್ಯ.

ಮೂರನೇ ತಿರುವು ಕಳೆದ ಮೇಲೆ ಬಸ್ಸು ಮತ್ತೆ ನಿಂತಿತು. ಕೂತಿರಲಾಗದೆ ಸೂಟ್‌ಕೇಸ್ ಇಳಿಸಿ ನಡೆಯತೊಡಗಿದೆ. ಐದನೆಯ ತಿರುವಿನಲ್ಲಿ ಅದರ ಒಂದು ಚಕ್ರ ಕಳಚಿ ಕಣಿವೆಗೆ ಉರುಳಿತು. ಅಲ್ಲಿಂದ ಅದನ್ನು ಎಳೆದರೆ ಕುಂಟು ನಾಯಿಯಂತೆ ಕಿರುಚುತ್ತಿತ್ತು. ಕಾರುಗಳಿಂದ ಇಳಿದ ಪ್ರವಾಸಿಗಳು ಕಟ್ಟೆಯುದ್ದಕ್ಕೂ ಸಾಲಾಗಿ ನಿಂತು ಸೂರ್ಯನನ್ನು ನೋಡುತ್ತಿದ್ದರು. ಕಡಲೆಕಾಯಿ ಮಾರುವವರು ಬಂದಿದ್ದರು. ಹೊಸದಾಗಿ ಮದುವೆಯಾದವರಂತಿದ್ದ ಒಂದು ಜೋಡಿ ನನ್ನನ್ನು ತಡೆದು, ಒಂದು ಫೋಟೋ ತೆಗೆದುಕೊಡುತ್ತೀರಾ ಎಂದು ಕೇಳಿತು. ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹುಡುಗಿ ಅಂಗೈ ಎತ್ತಿ ಹಿಡಿದಳು, ಸೂರ್ಯ ಅವಳ ಅಂಗೈಯಲ್ಲಿ ಕೂತಂತೆ ಬರಬೇಕಂತೆ. ತೆಗೆದೆ. ನೋಡಿ, "ಇನ್ನೊಂದು ಪ್ಲೀಸ್, ಸೂರ್ಯ ಬೆರಳಿನ ಕೆಳಗೆ ಹೋಗಿದೆ" ಅಂದಳು. ಅದನ್ನೂ ತೆಗೆದುಕೊಟ್ಟೆ. ಮೂರನೆಯದು ಅವರು ಕೇಳಲಿಲ್ಲ. ಅಷ್ಟರಲ್ಲಿ ಮುಳುಗಿತ್ತು.

ಚುರದ ತುದಿಯ ಲಕ್ಕಿಡಿಯಲ್ಲಿ ಒಂದು ಜೀಪು ಸಿಕ್ಕಿ ಮನೆ ಸೇರುವಾಗ ಎಂಟು ಗಂಟೆ. ಗೇಟಿನ ದೀಪ, ಅಂಗಳದ ದೀಪ, ಜಗಲಿಯ ದೀಪ ಎಲ್ಲ ಆರಿಸಿದ್ದರು, ಹುಳ ಬರಬಾರದೆಂದು. ಕತ್ತಲಲ್ಲಿ ಜನ ಕೂತಿದ್ದರು. ಯಾರೋ ಮೆಲ್ಲನೆ ಪಂಚನಮಸ್ಕಾರ ಹೇಳುತ್ತಿದ್ದರು. ಅಮ್ಮ ಕೈಹಿಡಿದು ಜಗಲಿಗೆ ಕರೆದುಕೊಂಡು ಹೋದಳು. ಆರು ಗಂಟೆಯವರೆಗೂ ನನಗಾಗಿ ಕಾದು, ಆಮೇಲೆ ಹೊರಡಲು ಎದ್ದಾಗ, ಕಟ್ಟಿಗೆ ಒಡ್ಡಿದ್ದಲ್ಲಿಗೆ ಹೊತ್ತು ಮುಟ್ಟಿಸಿ ವಿಧಿ ಮುಗಿಸುವಷ್ಟರಲ್ಲಿ ಕತ್ತಲಾಗುತ್ತದೆ, ಕತ್ತಲಲ್ಲಿ ಬೆಂಕಿ ಇಡಕೂಡದು ಎಂದು ಮಾವಯ್ಯ ತಡೆದರಂತೆ. ಬೆಳಗಿನವರೆಗೆ ಇಡದೆ ಬೇರೆ ದಾರಿ ಇರಲಿಲ್ಲ.

ಅತ್ತೆಯ ತಲೆಯ ಹತ್ತಿರ ಚಿಕ್ಕಪ್ಪ ಮೊಣಕಾಲೂರಿ ಕೂತಿದ್ದ. ಒಂದು ಕೈಯಲ್ಲಿ ಮೊಬೈಲು, ಅದರ ಬೆಳಕು ಹೊರಗೆ ಚೆಲ್ಲದಂತೆ ಅಂಗೈ ಅಡ್ಡ. ಇನ್ನೊಂದು ಕೈಯಲ್ಲಿ ಮೆತ್ತನೆಯ ಹಳೇ ಬಟ್ಟೆ. ಏನು ಮಾಡುತ್ತಿದ್ದಾನೆಂದು ಮೊದಲು ತಿಳಿಯಲಿಲ್ಲ. ಬಗ್ಗಿ ನೋಡಿದೆ. ಇರುವೆಗಳು. ಗೋಡೆಯ ಬುಡದಿಂದ ಒಂದು ಸಾಲು ಹೊರಟು, ಚಾಪೆ ಹತ್ತಿ, ಅವಳ ಕಿವಿಯ ಹತ್ತಿರ ಬಂದಿತ್ತು. ಚಿಕ್ಕಪ್ಪ ಒಂದೊಂದನ್ನೇ ಬಟ್ಟೆಯ ತುದಿಗೆ ಹತ್ತಿಸಿಕೊಂಡು ಅಂಗಳದ ಆಚೆ ಕೊಡವಿ ಬರುತ್ತಿದ್ದ. ಒರೆಸುವ ಹಾಗಿಲ್ಲ, ಪುಡಿ ಹಾಕುವ ಹಾಗಿಲ್ಲ. ಒಂದು ಸತ್ತರೂ ಅದು ಅವಳ ಹೆಸರಿಗೆ.

"ಬಂದ್ಯಾ?" ಅಂದ. "ವೈತ್ತಿರಿ ದಾಟಿದ ಮೇಲೆ ಚುಂಡೇಲಿನಲ್ಲೂ ಬ್ಲಾಕಾ?"

"ಹೂಂ" ಎಂದೆ.

"ನೋಡು" ಎಂದು ಅಂಗೈ ಸ್ವಲ್ಪ ಸರಿಸಿದ. ನಾನು ಯಾವ ಮುಖಕ್ಕಾಗಿ ಅಷ್ಟೆಲ್ಲ ಮಾಡಿದೆನೋ ಆ ಮುಖವನ್ನು ಎರಡು ಬೆರಳಗಲದ ಬೆಳಕಿನಲ್ಲಿ ನೋಡಿದೆ. ಮೊದಲು ಹಣೆ, ಆಮೇಲೆ ಮುಚ್ಚಿದ ಕಣ್ಣು, ಆಮೇಲೆ ಗಲ್ಲ. ಒಟ್ಟಿಗೆ ಕಾಣಲಿಲ್ಲ. ಬೆಳಗಾಗುವವರೆಗೆ ಚಿಕ್ಕಪ್ಪ ಅಲ್ಲಿಂದ ಏಳಲಿಲ್ಲ. ನಾನು ಇನ್ನೊಂದು ಬಟ್ಟೆ ಹಿಡಿದು ಕಾಲಿನ ಕಡೆ ಕೂತೆ.

ಬೆಳಗ್ಗೆ ಬಿಸಿಲು ಬಿದ್ದ ಮೇಲೆ, ತೋಟದ ಮೂಲೆಯಲ್ಲಿ ಎಲ್ಲ ಮುಗಿಯಿತು.

ಆಮೇಲಿನ ದಿನಗಳಲ್ಲಿ ಮಾವಯ್ಯ ನಮ್ಮಲ್ಲೇ ಉಳಿದರು. ನೆಂಟರು ಬಂದಾಗಲೆಲ್ಲ, ಯಾಕೆ ರಾತ್ರಿಯಿಡೀ ಇಟ್ಟಿರಿ ಎಂಬ ಪ್ರಶ್ನೆ ಬರುತ್ತಿತ್ತು. ಬಾರದಿದ್ದರೆ ಮಾವಯ್ಯನೇ ತರುತ್ತಿದ್ದರು.

"ಇವನನ್ನ ಕೇಳಿ" ಎಂದು ಚಿಕ್ಕಪ್ಪನತ್ತ ಗಲ್ಲ ಎತ್ತುತ್ತಿದ್ದರು. "ಎಲ್ಲರೂ ಎತ್ತೋಣ ಅಂದ್ರೆ ಇವನೊಬ್ಬ ಅಡ್ಡ ನಿಂತ. ಬದುಕಿಡೀ ಇರುವೆ ತುಳಿಯದ ಅಕ್ಕನ ಮೈಮೇಲೆ ಇರುವೆ ಹತ್ತಿಸಿದ ತಮ್ಮ ಇವನು."

ಯಾವ ಮಾತಿಗೂ ಎದುರು ಮಾತಿಲ್ಲದೆ ಬಿಡದ ಚಿಕ್ಕಪ್ಪ ತಲೆತಗ್ಗಿಸಿ, "ಹೌದು ಮಾವಯ್ಯ, ತಪ್ಪಾಯ್ತು" ಅನ್ನುತ್ತಿದ್ದ. ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ನಾನು ಅಲ್ಲೇ ಕಂಬಕ್ಕೆ ಒರಗಿ ಕೂತು ಬಂದವರ ನೀರಿನ ಲೋಟ ಎತ್ತಿಡುತ್ತಿದ್ದೆ. ಕೆಲವರು ನನ್ನನ್ನು ನೋಡಿ, "ಪಾಪ, ಈ ಕೂಸು ಸೂಟ್‌ಕೇಸ್ ಎಳ್ಕೊಂಡು ನಡೆದೇ ಬಂತಂತೆ" ಎಂದು ಕಣ್ಣೊರೆಸಿಕೊಂಡರು.

ಸೂತಕ ಕಳೆದು ಎಲ್ಲರೂ ಬಸದಿಗೆ ಹೋಗಿಬಂದ ಮರುದಿನ ನಾನು ಚಹಾ ಮಾಡಿ ಚಿಕ್ಕಪ್ಪನಿಗೆ ಒಯ್ಯಲು ಹೊರಟೆ. ಅಮ್ಮ ಲೋಟವನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು.

"ಕೊಡಬೇಡ. ಒಪ್ಪತ್ತು ಹಿಡಿದಿದ್ದಾನೆ. ದಿನಕ್ಕೆ ಒಂದೇ ಊಟ. ಚಹಾನೂ ಇಲ್ಲ."

"ಎಷ್ಟು ದಿನ?"

"ವರ್ಷ ತುಂಬೋವರೆಗೆ. ನಿನ್ನೆ ಬಸದೀಲಿ ಸಂಕಲ್ಪ ಮಾಡಿಕೊಂಡ. ಕಾಯಿಸಿದ ತಪ್ಪಿಗಂತೆ."

ದಿನಕ್ಕೆ ಆರು ಚಹಾ ಕುಡಿಯುವವನು. ವಡೆಗಾಗಿ ಮೀನಂಗಡಿಯವರೆಗೆ ಸ್ಕೂಟರ್ ಓಡಿಸುವವನು. ನಾನು ಮಾರನೆಯ ಬೆಳಗ್ಗೆ ತಿರುವನಂತಪುರಕ್ಕೆ ಹೊರಡಬೇಕಿತ್ತು. ಸುಮ್ಮನೆ ಹೊರಟುಬಿಟ್ಟಿದ್ದರೆ ಇವತ್ತಿಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಬಟ್ಟೆ ಮಡಚುತ್ತಾ ಮಡಚುತ್ತಾ, ಹೇಳದೆ ಹೋದರೆ ಏನಾಗುತ್ತದೆ ಎಂದು ಪ್ರಾಮಾಣಿಕವಾಗಿ ಯೋಚಿಸಿದ್ದೂ ಉಂಟು. ಏನೂ ಆಗುವುದಿಲ್ಲ ಎಂದೇ ಹೊಳೆಯಿತು. ಚಿಕ್ಕಪ್ಪ ಒಂದು ವರ್ಷ ಬಡವಾಗುತ್ತಾನೆ. ಅಷ್ಟೇ.

ಬಟ್ಟೆ ಬಿಟ್ಟು ತೋಟಕ್ಕೆ ಹೋದೆ.

ಚಿಕ್ಕಪ್ಪ ಸಿಲ್ವರ್ ಓಕಿನ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ, ಮೆಣಸಿನ ಬಳ್ಳಿ ಕಟ್ಟುತ್ತಿದ್ದ. ನಾನು ಬಂದದ್ದು ನೋಡಿ, "ಹಿಡ್ಕೋ, ಜಾರ್ತಾ ಇದೆ" ಅಂದ. ಎರಡೂ ಕೈಯಲ್ಲಿ ಏಣಿ ಹಿಡಿದೆ. ನನ್ನ ಮುಖದ ಎತ್ತರಕ್ಕೆ ಅವನ ಪಾದಗಳಿದ್ದವು. ಹಿಮ್ಮಡಿ ಒಡೆದಿದ್ದವು. ಆ ಪಾದಗಳಿಗೇ ಹೇಳಿದೆ.

"ಚಿಕ್ಕಪ್ಪ, ನಾನು ವೈತ್ತಿರಿ ದಾಟಿರಲಿಲ್ಲ."

ಮೇಲೆ ಬಳ್ಳಿಯ ಎಲೆಗಳು ಅಲುಗಾಡುವುದು ನಿಂತಿತು.

"ಎಲ್ಲಿದ್ದೆ?"

"ಎರಡನೇ ಹೇರ್‌ಪಿನ್."

"ಫೋನ್ ಮಾಡಿದಾಗಲಾ?"

"ಹೂಂ. ಆಮೇಲೆ ನೀನು ಮಾಡಿದಾಗ ರೇಂಜ್ ಇತ್ತು. ನಾನು ಎತ್ತಲಿಲ್ಲ."

ಚಿಕ್ಕಪ್ಪ ಒಂದು ಗಂಟು ಹಾಕಿ, ಎಳೆದು ನೋಡಿ, ಇನ್ನೊಂದು ಗಂಟು ಹಾಕಿದ.

"ನಿಜ ಹೇಳಿದ್ದಿದ್ರೆ ಐದಕ್ಕೆ ಎತ್ತಿಬಿಡ್ತಿದ್ವಿ."

"ಹೌದು."

"ನಿಂಗೆ ಮುಖ ಸಿಕ್ತಿರಲಿಲ್ಲ."

"ಇಲ್ಲ."

"ಈಗ ನೋಡಿದ್ಯಲ್ಲ. ಸಾಕಾಯ್ತಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಿಜವಾಗಿಯೂ ಕೇಳುತ್ತಿದ್ದ. ಏಣಿ ಬಿಟ್ಟು ಕಣ್ಣೊರೆಸಿಕೊಳ್ಳುವಂತಿರಲಿಲ್ಲ.

"ಅಪ್ಪನಿಗೂ ಮಾವಯ್ಯನಿಗೂ ಹೇಳ್ತೀನಿ" ಎಂದೆ. "ನೀನು ಒಪ್ಪತ್ತು ಬಿಟ್ಟುಬಿಡು. ಅದು ನಾನು ಮಾಡ್ಬೇಕಾದ್ದು."

"ಹೇಳೋದಿದ್ರೆ ಹೇಳು. ನಾನು ಬೇಡ ಅನ್ನಲ್ಲ." ಅವನು ಕೆಳಗೆ ನೋಡದೆಯೇ ಮಾತಾಡಿದ. "ಆದ್ರೆ ನನ್ನ ಒಪ್ಪತ್ತು ಬಿಡಿಸೋಕೆ ಅಂತ ಹೇಳ್ಬೇಡ. ಸುಳ್ಳು ಹೇಳಿದ್ದು ನಿಂದು. ಕಾದಿದ್ದು ನಂದು. ನೀನು ವೈತ್ತಿರಿ ಅಂದೆ, ಅದು ನಂಗೆ ನೆಪ ಆಯ್ತು. ಅವಳನ್ನ ಅಷ್ಟು ಬೇಗ ಎತ್ತೋಕೆ ನಂಗೇ ಮನಸ್ಸಿರಲಿಲ್ಲ ಕೂಸೆ. ಯಾರಿಗೂ ಕಾಯಬೇಡಿ ಅಂದಿದ್ದಳಲ್ಲ. ಅದು ನಿಂಗೂ ಗೊತ್ತಿತ್ತು, ನಂಗೂ ಗೊತ್ತಿತ್ತು."

ಆಮೇಲೆ, "ಹೋಗು, ಇನ್ನು ಜಾರಲ್ಲ" ಅಂದ. ಏಣಿ ಇನ್ನೂ ಅಲುಗುತ್ತಲೇ ಇತ್ತು.

ಅಪ್ಪನೂ ಮಾವಯ್ಯನೂ ಜಗಲಿಯಲ್ಲಿ ಕೂತಿದ್ದರು. ಅಮ್ಮ ಹೊಸಿಲ ಹತ್ತಿರ ಅಕ್ಕಿ ಆರಿಸುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ಎರಡನೇ ಹೇರ್‌ಪಿನ್, ನಾಲ್ಕೂವರೆ, ಎತ್ತದ ಎರಡು ಫೋನು, ಚುಂಡೇಲಿನಲ್ಲಿ ಇಲ್ಲದ ಬ್ಲಾಕ್. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ, ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವವಳಂತೆ ಹೇಳಿದೆ. ಚಿಕ್ಕಪ್ಪ ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಅದು ಅವನದು.

ಯಾರೂ ಬೈಯಲಿಲ್ಲ. ಅಮ್ಮ ಅಕ್ಕಿಯ ಮೊರ ಕೆಳಗಿಟ್ಟು, ಮತ್ತೆ ಎತ್ತಿಕೊಂಡಳು. ಅಪ್ಪ ನನ್ನನ್ನು ಒಮ್ಮೆ ನೋಡಿ, ಎದ್ದು ಒಳಗೆ ಹೋದರು. ಆ ಮನೆಯಲ್ಲಿ ಬೈಯಲು ಬರುತ್ತಿದ್ದವಳು ಒಬ್ಬಳೇ ಇದ್ದಳು.

ಮಾವಯ್ಯ ಕೋಲಿನ ಹಿಡಿಯನ್ನು ತಿರುಗಿಸುತ್ತಾ ಕೂತೇ ಇದ್ದರು. ಆಮೇಲೆ ಅದನ್ನು ಊರಿ ಎದ್ದರು. ಹಿಡಿದುಕೊಳ್ಳಲು ಹೋದ ನನ್ನ ಕೈಯನ್ನು ಸರಿಸಿ, ಮೆಟ್ಟಿಲು ಇಳಿದು, ತೋಟದ ಕಡೆ ನಡೆದರು. ಕೆಸರಿದೆ, ಬೀಳುತ್ತೀರಿ ಎಂದು ಅಮ್ಮ ಕೂಗಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ನಾನು ಸ್ವಲ್ಪ ದೂರದವರೆಗೆ ಹಿಂದೆ ಹೋಗಿ, ಕಾಫಿ ಗಿಡಗಳ ನಡುವೆ ನಿಂತೆ.

ಅವರು ಏಣಿಯ ಬುಡಕ್ಕೆ ಹೋಗಿ ತಲೆ ಎತ್ತಿ ನೋಡಿದರು. ಕೋಲನ್ನು ಮರಕ್ಕೆ ಒರಗಿಸಿ, ಎರಡೂ ಕೈಗಳಿಂದ ಏಣಿಯನ್ನು ಹಿಡಿದುಕೊಂಡರು. ಚಿಕ್ಕಪ್ಪ ಕೆಳಗೆ ನೋಡಲಿಲ್ಲ. ಆ ಮರದ ಬಳ್ಳಿ ಪೂರ್ತಿ ಕಟ್ಟಿ ಮುಗಿಯುವವರೆಗೆ ಮಾವಯ್ಯ ಏಣಿ ಬಿಡಲೂ ಇಲ್ಲ.